ಹಿಂಕ್ಲಿಯ ಹಸಿರು ವೃತ್ತಗಳು

ವಿಕ್ಟರ್‌ವಿಲ್ ಊರಿನ ಪಕ್ಕದಲ್ಲಿ ಮೊಹಾವಿ ನದಿಯನ್ನು ದಾಟಿದಾಗ ಅದರಲ್ಲಿ ನೀರಿತ್ತು. ದೊಡ್ಡ ನೀರೇನಲ್ಲ, ಆದರೂ ದಡದ ಉದ್ದಕ್ಕೂ ಮರಗಳು ಹಸಿರಾಗಿದ್ದವು. ಮುಕ್ಕಾಲು ಗಂಟೆಯ ಹಾದಿ ಸವೆಸಿ ಬಾರ್‌ಸ್ಟೋ ತಲುಪಿದರೆ ಅದೇ ನದಿಯಲ್ಲಿ ಬರೀ ಮರಳು. ಹನಿ ನೀರಿಲ್ಲ.

"ನದಿ ಎಲ್ಲಿಗೆ ಹೋಯ್ತೋ?" ಎಂದು ಕಾರು ಓಡಿಸುತ್ತಿದ್ದ ತಮ್ಮನ ಮಗನನ್ನು ಕೇಳಿದೆ.

"ಎಲ್ಲೂ ಹೋಗಿಲ್ಲ ದೊಡ್ಡಪ್ಪ, ಕೆಳಗಡೆ ಇದೆ. ಇದು ಹರಿಯೋದೇ ಮರಳಿನ ಒಳಗೆ. ವಿಕ್ಟರ್‌ವಿಲ್ ಹತ್ರ ಕೆಳಗೆ ಬಂಡೆ ಅಡ್ಡ ಬರುತ್ತಲ್ಲ, ಅಲ್ಲಿ ಮಾತ್ರ ಮೇಲಕ್ಕೆ ಏಳುತ್ತೆ ಅಷ್ಟೆ."

ಮಧುಗಿರಿ ಕಡೆಯವನಾದ ನನಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಪಾವಗಡ, ಮಧುಗಿರಿಯ ತಲಪರಿಗೆಗಳೂ ಹೀಗೆಯೇ. ಮೇಲೆ ಮರಳು, ಒಂದಿಷ್ಟು ಕೆದಕಿದರೆ ಒಳಗೆ ತಣ್ಣನೆಯ ನೀರು. ಬೇಸಿಗೆಯಲ್ಲಿ ಅಮ್ಮ ಅಲ್ಲಿಂದಲೇ ಬಿಂದಿಗೆ ತುಂಬಿಸಿ ತರುತ್ತಿದ್ದಳು. ಮರಳು ಸೋಸಿದ ನೀರಿಗಿಂತ ಚೊಕ್ಕಟವಾದದ್ದು ಇನ್ನೊಂದಿಲ್ಲ ಎಂಬುದು ಅವಳ ನಂಬಿಕೆ. ಸ್ಯಾನ್ ಬರ್ನಾರ್ಡಿನೋ ಬೆಟ್ಟಗಳಲ್ಲಿ ಹುಟ್ಟಿ, ಮರುಭೂಮಿಯೊಳಕ್ಕೆ ಹರಿದು, ಸಮುದ್ರ ಕಾಣದೆ ಅಲ್ಲೇ ಇಂಗಿಹೋಗುವ ಮೊಹಾವಿಯ ದಂಡೆಯ ಜನರೂ ಅದೇ ನಂಬಿಕೆಯಲ್ಲಿ ಬಾವಿ ತೋಡಿಕೊಂಡು ಬದುಕುತ್ತಿದ್ದರು. ಬಾರ್‌ಸ್ಟೋದಿಂದ ಪಶ್ಚಿಮಕ್ಕೆ ಕೆಲವು ಮೈಲಿ ದೂರದ ಹಿಂಕ್ಲಿ ಅಂಥದ್ದೊಂದು ಊರು. ವರ್ಷಕ್ಕೆ ನಾಲ್ಕೈದು ಅಂಗುಲ ಮಳೆ ಬೀಳುವ ಈ ನೆಲದಲ್ಲಿ ಹೈನುಗಾರಿಕೆ, ಹುಲ್ಲಿನ ಬೇಸಾಯ ನಡೆಯುತ್ತಿದ್ದುದು ನೆಲದಡಿಯ ನೀರಿನ ಬಲದಿಂದಲೇ.

ಲಾಸ್ ಏಂಜಲೀಸಿನಿಂದ ಲಾಸ್ ವೇಗಸ್ಸಿಗೆ ಹೊರಟ ನಮ್ಮವರಾರೂ ಹಿಂಕ್ಲಿಗೆ ಹೋಗುವುದಿಲ್ಲ. ಬಾರ್‌ಸ್ಟೋದಲ್ಲಿ ನಿಲ್ಲುವುದು ಊಟಕ್ಕೆ, ಇಲ್ಲವೇ ಅಲ್ಲಿನ ಔಟ್‌ಲೆಟ್ ಅಂಗಡಿಗಳಲ್ಲಿ ಅಗ್ಗದ ಬೂಟು ಕೊಳ್ಳುವುದಕ್ಕೆ. ಸೊಸೆಯ ಲೆಕ್ಕಾಚಾರವೂ ಅದೇ ಆಗಿತ್ತು. "ಮಾವ, ಅಲ್ಲಿ ನೋಡೋಕೆ ಏನಿದೆ?" ಎಂದು ಅವಳು ಕೇಳಿದ್ದು ನ್ಯಾಯವಾಗಿಯೇ ಇತ್ತು. ನನ್ನ ದುಡಿಮೆಯ ಬದುಕೆಲ್ಲ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಕಳೆದದ್ದು. ಪ್ಲೇಟಿಂಗ್ ಶಾಪುಗಳ ಹಿಂದಿನ ಮೋರಿಯಲ್ಲಿ ನಿಂಬೆಹಣ್ಣಿನ ಬಣ್ಣದ ನೀರು ಹರಿಯುವುದನ್ನು ದಿನವೂ ಕಂಡವನು. ಆ ಹಳದಿ ಕ್ರೋಮಿಯಂನದು. ಅದೇ ಕ್ರೋಮಿಯಂ ಹಿಂಕ್ಲಿಯಲ್ಲಿ ಅಂತರ್ಜಲಕ್ಕೆ ಇಳಿದಿತ್ತು, ಅದನ್ನು ಹುಲ್ಲು ಬೆಳೆದು, ಬ್ಯಾಕ್ಟೀರಿಯಾ ಸಾಕಿ ತೊಳೆಯುತ್ತಿದ್ದಾರೆ ಎಂದು ಓದಿದ್ದೆ. ಹುಲ್ಲಿನಿಂದ ಕ್ರೋಮಿಯಂ ತೊಳೆಯುವುದೆಂದರೆ ಹೇಗೆ ಎಂದು ಕಣ್ಣಾರೆ ನೋಡಬೇಕಿತ್ತು. ಇದನ್ನೆಲ್ಲ ಸೊಸೆಗೆ ಬಿಡಿಸಿ ಹೇಳುವಷ್ಟರಲ್ಲಿ ಕಾರು 58ನೇ ಹೆದ್ದಾರಿಗೆ ತಿರುಗಿತ್ತು.

ಈಗಿನ ಅಗಲ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುತ್ತದೆ. ಅದರಿಂದ ಇಳಿದು ಹಳೆಯ ರಸ್ತೆ ಹಿಡಿದರೆ ಎರಡೂ ಕಡೆ ಕ್ರಿಯೋಸೋಟ್ ಪೊದೆಗಳು, ನಡುನಡುವೆ ಚೌಕಾಕಾರದ ಬೋಳು ಜಾಗಗಳು. ಮೊದಲು ಅವು ಏನೆಂದು ತಿಳಿಯಲಿಲ್ಲ. ಒಂದರ ಅಂಚಿನಲ್ಲಿ ಒಣಗಿದ ಮರಗಳ ಸಾಲು, ಇನ್ನೊಂದರಲ್ಲಿ ಎಲ್ಲಿಗೂ ಹೋಗದ ಸಿಮೆಂಟಿನ ಹಾದಿಯ ತುಣುಕು. ಆಮೇಲೆ ಹೊಳೆಯಿತು, ಅವೆಲ್ಲ ಮನೆಗಳಿದ್ದ ಜಾಗಗಳು. ನೀರು ಕೆಡಿಸಿದ ಕಂಪನಿಯೇ ಮನೆಗಳನ್ನು ಒಂದೊಂದಾಗಿ ಕೊಂಡು, ಕೆಡವಿ, ನೆಲ ಸಮ ಮಾಡಿ ಬಿಟ್ಟಿದೆ. ಊರಿನ ಶಾಲೆ 2013ರಲ್ಲಿ ಮುಚ್ಚಿತು. ಅಂಗಡಿಯೂ ಉಳಿಯಲಿಲ್ಲ. ದೂರದಲ್ಲಿ ಬಿಎನ್‌ಎಸ್‌ಎಫ್ ಗೂಡ್ಸ್ ರೈಲೊಂದು ಮುಗಿಯುವುದೇ ಇಲ್ಲವೇನೋ ಎಂಬಂತೆ ಸಾಗುತ್ತಿತ್ತು. ಗಾಳಿ ಕಾರಿನ ಬಾಗಿಲು ತೆರೆಯಲು ಬಿಡುತ್ತಿರಲಿಲ್ಲ.

ಕಥೆಯ ಮೂಲ ಊರಿನ ಆಗ್ನೇಯಕ್ಕೆ, ಬೇಲಿಯ ಹಿಂದೆ ಕಾಣುವ ಕಂಪ್ರೆಸರ್ ಸ್ಟೇಷನ್ನಿನಲ್ಲಿದೆ. ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಕಂಪನಿ ಇದನ್ನು 1952ರಲ್ಲಿ ಕಟ್ಟಿತು. ದಕ್ಷಿಣದ ರಾಜ್ಯಗಳ ನೈಸರ್ಗಿಕ ಅನಿಲವನ್ನು ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಕೊಳವೆಯಲ್ಲಿ ತಳ್ಳಬೇಕಾದರೆ ದಾರಿಯಲ್ಲಿ ಅಲ್ಲಲ್ಲಿ ಮತ್ತೆ ಒತ್ತಡ ಕೊಡಬೇಕು. ಒತ್ತಿದ ಅನಿಲ ಕಾಯುತ್ತದೆ, ಅದನ್ನು ತಣಿಸಲು ನೀರಿನ ಗೋಪುರಗಳು ಬೇಕು, ಗೋಪುರದ ಲೋಹ ತುಕ್ಕು ಹಿಡಿಯದಿರಲು ನೀರಿಗೆ ಕ್ರೋಮಿಯಂ-6 ಬೆರೆಸಬೇಕು. ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದ ಕೆಲಸ ಅದು. ಬಳಸಿದ ನೀರನ್ನು ಪಕ್ಕದಲ್ಲೇ ತೋಡಿದ, ತಳಕ್ಕೆ ಏನೂ ಹಾಸದ ಹೊಂಡಗಳಿಗೆ ಬಿಡುತ್ತಿದ್ದರು. 1966ರಲ್ಲಿ ಕ್ರೋಮಿಯಂ ಬಳಕೆ ನಿಲ್ಲುವ ಹೊತ್ತಿಗೆ ಹೀಗೆ ಬಿಟ್ಟ ನೀರು ಸುಮಾರು 37 ಕೋಟಿ ಗ್ಯಾಲನ್, ನಮ್ಮ ಲೆಕ್ಕದಲ್ಲಿ 140 ಕೋಟಿ ಲೀಟರ್. ಮರಳು ಅಷ್ಟನ್ನೂ ಕುಡಿಯಿತು. ಎಂಬತ್ತು ಅಡಿ ಕೆಳಗಿದ್ದ ಅಂತರ್ಜಲ ಅದನ್ನು ಹೊತ್ತು ಉತ್ತರಕ್ಕೆ, ಊರಿನ ಬಾವಿಗಳತ್ತ ನಡೆಯಿತು. ಕಂಪನಿ ಈ ವಿಷಯವನ್ನು ಸರ್ಕಾರದ ಜಲಮಂಡಳಿಗೆ ತಿಳಿಸಿದ್ದು 1987ರ ಡಿಸೆಂಬರಿನಲ್ಲಿ.

ಮುಂದಿನದು 'ಎರಿನ್ ಬ್ರೊಕೊವಿಚ್' ಸಿನಿಮಾ ನೋಡಿದ ಎಲ್ಲರಿಗೂ ಗೊತ್ತು. ವಕೀಲರ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಎರಿನ್ ಬ್ರೊಕೊವಿಚ್ ಕಡತಗಳನ್ನು ಕೆದಕಿದ್ದು, ಆರುನೂರಕ್ಕೂ ಹೆಚ್ಚು ಜನ ಒಟ್ಟಾಗಿ ದಾವೆ ಹೂಡಿದ್ದು, 1996ರಲ್ಲಿ ಕಂಪನಿ 33 ಕೋಟಿ 30 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡದ್ದು, ಆ ಪಾತ್ರ ಮಾಡಿದ ಜೂಲಿಯಾ ರಾಬರ್ಟ್ಸ್‌ಗೆ ಆಸ್ಕರ್ ಬಂದದ್ದು. ಸಿನಿಮಾ ಚೆಕ್ಕು ಹಂಚುವಲ್ಲಿಗೆ ಮುಗಿಯುತ್ತದೆ. ನೀರಿನಲ್ಲಿ ಏನಿತ್ತೋ ಅದು ನೀರಿನಲ್ಲೇ ಉಳಿದಿತ್ತು. ಚಿತ್ರಮಂದಿರದಿಂದ ಹೊರಬಂದ ಯಾರೂ ಅದರ ಗತಿ ಏನಾಯಿತು ಎಂದು ಕೇಳಲಿಲ್ಲ. ನಾನೂ ಬಹಳ ವರ್ಷ ಕೇಳಲಿಲ್ಲ.

ಕೇಳಿದ್ದರೆ ಈ ಹಸಿರು ವೃತ್ತಗಳ ಸಂಗತಿ ತಿಳಿಯುತ್ತಿತ್ತು.

ತಮ್ಮನ ಮಗ ಮೊದಲೇ ಫೋನಿನ ಉಪಗ್ರಹ ನಕ್ಷೆಯಲ್ಲಿ ತೋರಿಸಿದ್ದ. ಬೂದು ಮರುಭೂಮಿಯ ನಡುವೆ ಕಂಪಾಸಿನಿಂದ ಎಳೆದಂಥ ದುಂಡನೆಯ ಹಸಿರು ಮಡಿಗಳು. ರಸ್ತೆಯ ಮೇಲಿಂದ ನೋಡಿದರೆ ವೃತ್ತ ತಿಳಿಯುವುದಿಲ್ಲ. ಮೊಣಕಾಲೆತ್ತರದ ದಟ್ಟ ಸೊಪ್ಪು, ಅದರ ಮೇಲೆ ಗಾಲಿಗಳ ಮೇಲೆ ನಿಂತ ಉದ್ದನೆಯ ಕೊಳವೆ, ಕೊಳವೆಯಿಂದ ನೆಲಕ್ಕೆ ಇಳಿಬಿದ್ದ ಸಾಲುಸಾಲು ಪೈಪುಗಳು. ಕೊಳವೆ ನಡುಗಂಬದ ಸುತ್ತ ನಿಧಾನವಾಗಿ ತಿರುಗಿದಂತೆ ಪೈಪುಗಳು ನೆಲದ ಮೇಲೆ ಎಳೆದಾಡುತ್ತ ನೀರು ಬಿಡುತ್ತವೆ. ಸೊಪ್ಪು ನೋಡಿದ ಕೂಡಲೇ ಗುರುತು ಸಿಕ್ಕಿತು. ಕುದುರೆ ಮಸಾಲೆ! ಹಾಲಿನ ಡೈರಿಗೆ ಹಾಲು ಹಾಕುವ ನಮ್ಮೂರಿನ ಯಾರ ಹಿತ್ತಲಲ್ಲಾದರೂ ಒಂದು ಪಾತಿ ಇದ್ದೇ ಇರುವ ಮೇವು. ಇಲ್ಲಿ ಇವರು ಅಲ್ಫಾಲ್ಫಾ ಎನ್ನುತ್ತಾರೆ.

ಒಳಗೆ ಹೋಗುವ ಹಾಗಿಲ್ಲ, ಸುತ್ತ ಬೇಲಿ. ಆದರೆ ಬೇಲಿಯ ಈಚೆ ನಿಂತರೂ ಒಂದು ವಿಷಯ ಕಣ್ಣಿಗೆ ಬಿತ್ತು, ಎಲ್ಲಿಯೂ ನೀರು ಚಿಮ್ಮುತ್ತಿರಲಿಲ್ಲ. ಅದರ ಹಿಂದೊಂದು ಕಥೆಯಿದೆ. ಕಂಪನಿ 1990ರ ದಶಕದ ಆರಂಭದಲ್ಲೇ ಹೀಗೆ ಹೊಲಕ್ಕೆ ನೀರು ಹಾಯಿಸಲು ತೊಡಗಿತ್ತು. ಆಗ ಹಾಯಿಸುತ್ತಿದ್ದುದು ಸ್ಪ್ರಿಂಕ್ಲರಿನಲ್ಲಿ. ಕ್ರೋಮಿಯಂ-6 ಬೆರೆತ ನೀರಿನ ತುಂತುರು ಈ ಗಾಳಿಯಲ್ಲಿ ಹಾರಿ ಮನೆಗಳತ್ತ ಬರುತ್ತದೆ ಎಂದು ಜನ ಗಲಾಟೆ ಮಾಡಿದರು. ಕುಡಿಯುವುದಕ್ಕಿಂತ ಉಸಿರಿನಲ್ಲಿ ಎಳೆದುಕೊಂಡರೆ ಈ ವಿಷ ಹೆಚ್ಚು ಕೆಡುಕಿನದು, ಶ್ವಾಸಕೋಶದ ಕ್ಯಾನ್ಸರಿಗೂ ಇದಕ್ಕೂ ಇರುವ ನಂಟು ಎಂದೋ ಸಾಬೀತಾದದ್ದು. 2001ರಲ್ಲಿ ಅದನ್ನು ನಿಲ್ಲಿಸಿದರು. ಆಮೇಲೆ 2004ರಲ್ಲಿ ಡೆಸರ್ಟ್ ವ್ಯೂ ಎಂಬ ಹಳೆಯ ಡೈರಿಯ ಜಮೀನಿನಲ್ಲಿ, ಮಣ್ಣಿನ ಒಳಗೆ ಹೂತ ಹನಿ ನೀರಾವರಿ ಪೈಪುಗಳೊಂದಿಗೆ ಹೊಸದಾಗಿ ಶುರುವಾಯಿತು. ಇಳಿಬಿಟ್ಟ ಪೈಪಿನ ಈ ದೊಡ್ಡ ವೃತ್ತಗಳು ಅದರ ಮುಂದಿನ ಹೆಜ್ಜೆ.

ಇಲ್ಲಿಗೆ ಬರುವವರೆಗೆ ನನ್ನ ತಲೆಯಲ್ಲಿದ್ದ ಚಿತ್ರವೆಂದರೆ ಬೇರು ವಿಷವನ್ನು ಹೀರುತ್ತದೆ, ಎಲೆಯಲ್ಲಿ ಕೂಡಿಡುತ್ತದೆ, ಎಲೆ ಕೊಯ್ದು ಎಸೆದರಾಯಿತು ಎಂಬುದು. ಕೆಲವು ಗಿಡಗಳು ಹಾಗೆಯೇ ಮಾಡುತ್ತವೆ. ಟೆರಿಸ್ ವಿಟಾಟಾ ಎಂಬ ಜರೀಗಿಡ ಆರ್ಸೆನಿಕ್ಕನ್ನು ಎಲೆಗಳಲ್ಲಿ ಶೇಖರಿಸುತ್ತದೆಂದು ಫ್ಲೋರಿಡಾದ ವಿಜ್ಞಾನಿಗಳು 2001ರಲ್ಲಿ ಕಂಡುಹಿಡಿದರು. ಷಿಕಾಗೋ ಹತ್ತಿರದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 1999ರಲ್ಲಿ ಎಂಟುನೂರಕ್ಕೂ ಹೆಚ್ಚು ಪಾಪ್ಲರ್, ವಿಲೋ ಮರಗಳನ್ನು ನೆಟ್ಟದ್ದು ಇನ್ನೊಂದು ಬಗೆಯ ಕೆಲಸಕ್ಕೆ. ನೆಲದಡಿ ಇಳಿದಿದ್ದ ಸಾಲ್ವೆಂಟುಗಳನ್ನು ನೀರಿನೊಂದಿಗೇ ಎಳೆದುಕೊಳ್ಳುವ ಪಂಪುಗಳಾಗಿ ಅಲ್ಲಿ ಮರಗಳು ದುಡಿದವು. ಕುದುರೆ ಮಸಾಲೆ ಇವೆರಡರಂತೆಯೂ ಅಲ್ಲ. ಕ್ರೋಮಿಯಂ ಅದರ ಬೇರಿನಿಂದ ಮೇಲಕ್ಕೆ ಏರುವುದೇ ಅಪರೂಪ. ಹಾಗಾಗಿಯೇ ಇಲ್ಲಿ ಕೊಯ್ದ ಸೊಪ್ಪು ದನದ ಮೇವಾಗಿ ಮಾರಾಟವಾಗುತ್ತದೆ.

ಹಾಗಾದರೆ ಇಲ್ಲಿ ದುಡಿಯುವವರು ಯಾರು? ಬೇರಿನ ಸುತ್ತಲಿನ ಮಣ್ಣು. ಗಿಡ ತಾನು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆ, ಆಮ್ಲಗಳ ಒಂದು ಪಾಲನ್ನು ಬೇರಿನ ಮೂಲಕ ಹೊರಕ್ಕೆ ಸುರಿಯುತ್ತದೆ. ಸತ್ತ ಬೇರು, ಉದುರಿದ ಎಲೆ ಕೊಳೆಯುತ್ತವೆ. ಇದನ್ನೆಲ್ಲ ತಿಂದು ಬ್ಯಾಕ್ಟೀರಿಯಾಗಳು ಕೋಟಿಗಟ್ಟಲೆ ಬೆಳೆಯುತ್ತವೆ. ತಿಂದದ್ದನ್ನು ಅರಗಿಸಿಕೊಳ್ಳುವಾಗ ಬಿಡುಗಡೆಯಾಗುವ ಎಲೆಕ್ಟ್ರಾನುಗಳನ್ನು ಅವು ಯಾರಿಗಾದರೂ ದಾಟಿಸಲೇಬೇಕು. ನಾವು ಉಸಿರಾಡುವ ಆಮ್ಲಜನಕಕ್ಕೆ ದಾಟಿಸುತ್ತೇವೆ. ಮಣ್ಣಿನ ಸಂದಿಯಲ್ಲಿ ಆಮ್ಲಜನಕ ತೀರಿದಾಗ ಈ ಜೀವಿಗಳು ನೈಟ್ರೇಟಿಗೆ ದಾಟಿಸುತ್ತವೆ, ಕ್ರೋಮಿಯಂ-6 ಸಿಕ್ಕರೆ ಅದಕ್ಕೂ. ಮೂರು ಎಲೆಕ್ಟ್ರಾನು ಪಡೆದ ಕ್ರೋಮಿಯಂ-6 ಕ್ರೋಮಿಯಂ-3 ಆಗುತ್ತದೆ. ಆರರದು ನೀರಿನಲ್ಲಿ ಕರಗಿ ಎಲ್ಲೆಂದರಲ್ಲಿ ಅಲೆಯುವ ಸ್ವಭಾವ. ಮೂರರದು ನೀರಿನಲ್ಲಿ ಕರಗದ, ಮಣ್ಣಿನ ಕಣಕ್ಕೆ ಅಂಟಿ ಕೂರುವ ಸ್ವಭಾವ, ವಿಷವೂ ತೀರ ಕಡಿಮೆ. ಮೇಲೆ ಬಿಟ್ಟ ನೀರು ಕೆಲವೇ ಅಡಿ ಮಣ್ಣು ದಾಟುವಷ್ಟರಲ್ಲಿ ಅದರ ಕ್ರೋಮಿಯಂ-6 ಬಹುಪಾಲು ಮಾಯವಾಗಿರುತ್ತದೆ.

ಗಿಡ ಇನ್ನೊಂದು ದೊಡ್ಡ ಕೆಲಸ ಮಾಡುತ್ತದೆ: ನೀರು ಕುಡಿಯುವುದು. ಈ ಬಿಸಿಲಿಗೆ ಕುದುರೆ ಮಸಾಲೆಯ ಬಾಯಾರಿಕೆಗೆ ಕೊನೆಯಿಲ್ಲ. ಅದಕ್ಕಾಗಿ ಕೆಟ್ಟ ನೀರನ್ನು ಬಾವಿಗಳಿಂದ ಎಡೆಬಿಡದೆ ಎತ್ತುತ್ತಿದ್ದರೆ ನೆಲದಡಿ ತಗ್ಗಾಗಿ, ಸುತ್ತಲಿನ ನೀರು ಅತ್ತ ಎಳೆಯಲ್ಪಟ್ಟು, ವಿಷ ಮುಂದಕ್ಕೆ ಹರಡುವುದು ತಪ್ಪುತ್ತದೆ. ಚಳಿಗಾಲದಲ್ಲಿ ಮಾತ್ರ ಪೇಚು. ಆಗ ಗಿಡಕ್ಕೆ ನೀರು ಬೇಡ, ಎತ್ತುವುದು ಕಡಿಮೆಯಾದರೆ ವಿಷದ ನೀರು ಮತ್ತೆ ಹೊರಡುತ್ತದೆ. ಅದಕ್ಕೆ ಚಳಿಗೂ ಬೆಳೆಯುವ ರೈ ಹುಲ್ಲು ಹಾಕುತ್ತಾರೆ. ವಾಯವ್ಯದ ಅಂಚಿನಲ್ಲಿ ಶುದ್ಧ ನೀರನ್ನು ಭೂಮಿಯೊಳಕ್ಕೆ ಒತ್ತಿ, ನೀರಿನದೇ ಗೋಡೆಯೊಂದನ್ನು ನಿಲ್ಲಿಸಿದ್ದಾರೆ. ಬೇಸಾಯ ಬಲ್ಲವರಿಗಷ್ಟೇ ತೋಚುವ ಉಪಾಯಗಳಿವು. ಎಂಜಿನಿಯರುಗಳ ನಡುವೆ ಯಾರೋ ರೈತನ ಮಗನೊಬ್ಬ ಇದ್ದಿರಬೇಕು ಎಂದು ನನ್ನ ಗುಮಾನಿ.

ಹೊಲಗಳಿಂದ ಮುಂದೆ, ಹೊಂಡಗಳಿದ್ದ ಜಾಗಕ್ಕೆ ಹತ್ತಿರದಲ್ಲಿ, ನೀರಿನ ಕ್ರೋಮಿಯಂ ಬಹಳ ಹೆಚ್ಚು. ಅಲ್ಲಿ ಹುಲ್ಲಿಲ್ಲ. ಬಂಜರು ನೆಲದಲ್ಲಿ ಸಾಲಾಗಿ ಕಬ್ಬಿಣದ ಮುಚ್ಚಳಗಳು, ಪೈಪಿನ ತಲೆಗಳು. ಅವುಗಳಲ್ಲಿ ಕೆಲವು ಎಥನಾಲ್ ಇಳಿಸುವ ಬಾವಿಗಳು. ನಾವು ಕುಡಿಯುವ ಮದ್ಯದಲ್ಲಿರುವ ಎಥನಾಲೇ. ಅದನ್ನು ನೀರಿನಲ್ಲಿ ಬೆರೆಸಿ ನೇರವಾಗಿ ಅಂತರ್ಜಲಕ್ಕೆ ಇಳಿಸಿದರೆ ಅಲ್ಲಿ ಮೊದಲೇ ಇರುವ ಬ್ಯಾಕ್ಟೀರಿಯಾಗಳಿಗೆ ಆಹಾರ ಸಿಗುತ್ತದೆ. ಹೊರಗಿನಿಂದ ಯಾವ ಜೀವಿಯನ್ನೂ ತಂದು ಬಿಟ್ಟಿಲ್ಲ. ಉಪವಾಸವಿದ್ದವುಗಳಿಗೆ ಊಟ ಹಾಕಿದ್ದಾರೆ ಅಷ್ಟೆ. ಅವು ಹೆಚ್ಚಿ, ಆಮ್ಲಜನಕವನ್ನು ಮುಗಿಸಿ, ಕ್ರೋಮಿಯಂನತ್ತ ತಿರುಗುತ್ತವೆ. ಬಾವಿಗಳ ಸಾಲನ್ನು ನೀರಿನ ಹರಿವಿಗೆ ಅಡ್ಡಲಾಗಿ ಇಟ್ಟಿರುವುದರಿಂದ ಹಾದುಹೋಗುವ ನೀರೆಲ್ಲ ಈ ಜೀವಂತ ಪಟ್ಟಿಯನ್ನು ದಾಟಲೇಬೇಕು.

"ದೊಡ್ಡಪ್ಪ, ಇಷ್ಟೆಲ್ಲ ಯಾಕೆ? ನೀರನ್ನ ಮೇಲೆತ್ತಿ ಒಂದು ದೊಡ್ಡ ಫಿಲ್ಟರ್ ಹಾಕಿದ್ರೆ ಆಗ್ತಿರ್ಲಿಲ್ವಾ?" ಎಂದ ತಮ್ಮನ ಮಗ. ಸಾಫ್ಟ್‌ವೇರಿನವರ ಪ್ರಶ್ನೆ, ಆದರೆ ಸರಿಯಾದ ಪ್ರಶ್ನೆಯೇ. ಹಾಗೂ ಮಾಡಬಹುದು. ಮೈಲಿಗಟ್ಟಲೆ ಹರಡಿದ ನೀರನ್ನು ಎತ್ತಿ ಸೋಸಲು ಸ್ಥಾವರ ಬೇಕು, ವಿದ್ಯುತ್ ಬೇಕು, ಸೋಸಿದ ಮೇಲೆ ಉಳಿಯುವ ಕ್ರೋಮಿಯಂ ಕೆಸರನ್ನು ಲಾರಿಗಳಲ್ಲಿ ಹೊತ್ತು ಇನ್ನೊಂದೂರಿನ ಗುಂಡಿಗೆ ಹಾಕಬೇಕು. ಅಲ್ಲದೆ ನೀರು ಬಂದರೂ ಮರಳು, ಜೇಡಿಗೆ ಅಂಟಿದ್ದು ಅಲ್ಲೇ ಉಳಿದು ವರ್ಷಗಟ್ಟಲೆ ನಿಧಾನವಾಗಿ ಬಿಡುತ್ತಿರುತ್ತದೆ. ಬ್ಯಾಕ್ಟೀರಿಯಾಗಳಾದರೆ ವಿಷ ಇರುವ ಸಂದಿಯಲ್ಲೇ ಇರುತ್ತವೆ.

ಆದರೆ ಸೂಕ್ಷ್ಮಜೀವಿಗಳು ನಾವು ಹೇಳಿದಲ್ಲಿಗೆ ನಿಲ್ಲುವುದಿಲ್ಲ. ಎಥನಾಲ್ ಹೆಚ್ಚಾದರೆ ಕ್ರೋಮಿಯಂ ಮುಗಿದ ಮೇಲೂ ಅವು ಎಲೆಕ್ಟ್ರಾನು ದಾಟಿಸಲು ಮತ್ತಾರನ್ನೋ ಹುಡುಕುತ್ತವೆ. ಮರಳಿನ ಕಣಗಳ ಮೇಲೆ ತೆಳುವಾಗಿ ಕೂತ ಮ್ಯಾಂಗನೀಸ್, ಕಬ್ಬಿಣದ ಆಕ್ಸೈಡುಗಳು ಸಿಗುತ್ತವೆ. ಅವು ಕರಗುತ್ತವೆ. ಕಬ್ಬಿಣಕ್ಕೆ ಅಂಟಿಕೊಂಡು ಯುಗಯುಗಗಳಿಂದ ಸುಮ್ಮನಿದ್ದ ಆರ್ಸೆನಿಕ್ ಕೂಡ ಅದರೊಂದಿಗೆ ನೀರಿಗೆ ಬರುತ್ತದೆ. ಹಿಂಕ್ಲಿಯಲ್ಲಿ ಎಥನಾಲ್ ಪಟ್ಟಿಯ ಸುತ್ತ ಮ್ಯಾಂಗನೀಸ್, ಆರ್ಸೆನಿಕ್ ಏರಿದ್ದು ದಾಖಲಾಗಿದೆ. ಹೊಲಗಳ ಕಡೆ ಇನ್ನೊಂದು ತಲೆನೋವು. ಗಿಡ ನೀರನ್ನು ಕುಡಿದು ಉಪ್ಪನ್ನು ಬಿಟ್ಟುಬಿಡುತ್ತದೆ, ಆ ಉಪ್ಪು ಕೆಳಗಿಳಿಯುತ್ತದೆ. ಮಣ್ಣಿನಲ್ಲಿ ಸಹಜವಾಗಿದ್ದ ಯುರೇನಿಯಂ ನೀರಾವರಿಯಿಂದ ಕರಗಿ ಬರುತ್ತಿದೆಯೇ ಎಂಬ ಆತಂಕವೂ ಎದ್ದಿತು. ಒಂದನ್ನು ತೊಳೆಯಲು ಹೋಗಿ ಇನ್ನೊಂದನ್ನು ಎಬ್ಬಿಸಿದಂತೆ. ಕಬ್ಬಿಣದ ಮುಚ್ಚಳಗಳು ಅಷ್ಟೊಂದು ಯಾಕೆ ಎಂಬುದಕ್ಕೆ ಇದೇ ಉತ್ತರ. ಇಳಿಸುವ ಬಾವಿಗಳಿಗಿಂತ ಎಷ್ಟೋ ಪಾಲು ಹೆಚ್ಚು ಇರುವುದು ಪರೀಕ್ಷೆಯ ಬಾವಿಗಳು, ನೂರಾರು. ಅವುಗಳಿಂದ ನಿಯಮಿತವಾಗಿ ನೀರು ಎತ್ತಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ, ಫಲಿತಾಂಶ ಸಾರ್ವಜನಿಕರಿಗೆ ಸಿಗುತ್ತದೆ.

ಈ ಶುದ್ಧೀಕರಣವನ್ನು ನಾನು ಮೆಚ್ಚಿದ್ದೇನೆಯೇ ಎಂದು ಯಾರಾದರೂ ಕೇಳಿದರೆ ಹೌದು ಎನ್ನುತ್ತೇನೆ, ಒಂದು ತಕರಾರಿನೊಂದಿಗೆ. ಕ್ರೋಮಿಯಂ ಎಲ್ಲಿಗೂ ಹೋಗಿಲ್ಲ. 1952ರಿಂದ ಸುರಿದದ್ದು ಬೇರೆ ರೂಪದಲ್ಲಿ ಇಲ್ಲೇ, ಈ ಕುದುರೆ ಮಸಾಲೆಯ ಬೇರಿನ ಕೆಳಗೆ, ಮರಳಿನ ಕಣಗಳ ಮೇಲೆ ಕೂತಿದೆ. ಮ್ಯಾಂಗನೀಸ್ ಆಕ್ಸೈಡು ಸಾಕಷ್ಟಿದ್ದು ಆಮ್ಲಜನಕವೂ ಸಿಕ್ಕರೆ ಕ್ರೋಮಿಯಂ-3 ಮತ್ತೆ ಆರಾಗಬಲ್ಲದು. ಹಾಗಾಗುವುದು ನಿಧಾನ, ಆಗುವ ಪ್ರಮಾಣವೂ ಅಲ್ಪ ಎನ್ನುತ್ತಾರೆ. ಇರಬಹುದು. ಆದರೆ ಕಂಪನಿಯ ಪತ್ರಗಳಲ್ಲಿ ತೆಗೆದುಹಾಕಿದ್ದು ಇಷ್ಟು ಪೌಂಡು ಎಂದು ಬರೆಯುವಾಗ ಓದುವವನು ಅದನ್ನು ಹೊತ್ತೊಯ್ದರೆಂದೇ ತಿಳಿಯುತ್ತಾನೆ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾರೆ, ಬೀಗ ಕಾಯಲು ಜನ ಬೇಕು ಎಂದು ಹೇಳಿದರೆ ಸತ್ಯಕ್ಕೆ ಹತ್ತಿರ.

ಎಷ್ಟು ಕಾಲ ಕಾಯಬೇಕು? ಇದು ಹಿಂಕ್ಲಿಯ ಜನ ಕೇಳಿ ಕೇಳಿ ಬೇಸತ್ತ ಪ್ರಶ್ನೆ. ಎಷ್ಟು ಇಳಿದರೆ ಶುದ್ಧ ಎನ್ನುವುದೇ ಜಗಳವಾಗಿತ್ತು. ಕ್ರೋಮಿಯಂ ಇಲ್ಲಿನ ಬಂಡೆಗಳಲ್ಲೂ ಇದೆ, ಮನುಷ್ಯ ಕೈಯಿಡದ ನೀರಿನಲ್ಲೂ ಚೂರು ಕ್ರೋಮಿಯಂ-6 ಇರುತ್ತದೆ. 2008ರಲ್ಲಿ ಈ ಭಾಗದ ಲಹೊಂಟನ್ ಜಲಮಂಡಳಿ ಆ ಸಹಜ ಪ್ರಮಾಣದ ಮೇಲಿನ ಮಿತಿಯನ್ನು ಲೀಟರಿಗೆ 3.1 ಮೈಕ್ರೋಗ್ರಾಂ ಎಂದು ಇಟ್ಟುಕೊಂಡಿತು. ಲೆಕ್ಕ ಮಾಡಿದ್ದು ಕಂಪನಿಯ ಅಧ್ಯಯನದಿಂದ. ಜನ ಒಪ್ಪಲಿಲ್ಲ. ಕೊನೆಗೆ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಜಾನ್ ಇಜ್ಬಿಕಿ ನೇತೃತ್ವದಲ್ಲಿ ಬಂಡೆ, ನೀರಿನ ವಯಸ್ಸು, ಸಮಸ್ಥಾನಿಗಳನ್ನೆಲ್ಲ ಅಳೆದು ಯಾವ ಬಾವಿಯಲ್ಲಿ ಪ್ರಕೃತಿಯದೆಷ್ಟು, ಕಂಪನಿಯದೆಷ್ಟು ಎಂದು ಬೇರ್ಪಡಿಸುವ ದೊಡ್ಡ ಅಧ್ಯಯನ ನಡೆಯಿತು. ವರದಿ ಬಂದದ್ದು 2023ರಲ್ಲಿ. ಅಷ್ಟರಲ್ಲಿ ಬಾವಿಗಳ ಒಡೆಯರಲ್ಲಿ ಬಹುಮಂದಿ ಊರು ಬಿಟ್ಟಾಗಿತ್ತು.

ಊರು ಬಿಟ್ಟದ್ದು ರಾಜಿಯಾದ ತಕ್ಷಣವಲ್ಲ ಎನ್ನುವುದು ನನಗೆ ಹೊಸ ಸಂಗತಿ. ರಾಜಿಯ ನಂತರವೂ ಜನ ಇದ್ದರು. 2010ರ ಈಚೆಗೆ ವಿಷ ಹಿಂದೆ ಅಂದುಕೊಂಡಿದ್ದಕ್ಕಿಂತ ಬಹಳ ದೂರ ಹರಡಿದೆ ಎಂದು ಪರೀಕ್ಷೆಯ ಬಾವಿಗಳು ತೋರಿಸತೊಡಗಿದವು, ಕಂಪನಿ ಮನೆಮನೆಗೆ ಬಾಟಲಿ ನೀರು ಹಂಚಿತು, ಇಲ್ಲವೇ ಮನೆಯನ್ನೇ ಕೊಳ್ಳುತ್ತೇವೆ ಎಂದಿತು. ಪಕ್ಕದವರು ಮಾರಿದರೆ ಉಳಿದವರಿಗೆ ಒಂಟಿತನ, ಶಾಲೆಯ ಮಕ್ಕಳು ಕಡಿಮೆ, ಶಾಲೆ ಮುಚ್ಚಿದರೆ ಮತ್ತಷ್ಟು ಮನೆ ಮಾರಾಟ. ರಾಜ್ಯದ ಕ್ಯಾನ್ಸರ್ ನೋಂದಣಿ ಸಂಸ್ಥೆ 2010ರಲ್ಲಿ ಲೆಕ್ಕ ಹಾಕಿ ಇಲ್ಲಿ ಕ್ಯಾನ್ಸರ್ ನಿರೀಕ್ಷೆಗಿಂತ ಹೆಚ್ಚಿಲ್ಲ ಎಂದು ಹೇಳಿತ್ತು. ಆ ಲೆಕ್ಕವನ್ನು ಪ್ರಶ್ನಿಸಿದವರೂ ಇದ್ದಾರೆ. ಮನೆ ಬಿಡುವವರು ಅಂಕಿಅಂಶ ಓದಿ ಬಿಡಲಿಲ್ಲ. ಮಗುವಿಗೆ ಕೊಡುವ ಲೋಟದ ನೀರನ್ನು ಪ್ರತಿಸಲ ಅನುಮಾನದಿಂದ ನೋಡಿಕೊಂಡು ಎಷ್ಟು ವರ್ಷ ಇರಲಾದೀತು? ಶುದ್ಧೀಕರಣ ಮಾತ್ರ ನಿಲ್ಲಲಿಲ್ಲ. 2015ರ ಸರ್ಕಾರಿ ಆದೇಶದಂತೆ ಹಂತಹಂತವಾಗಿ ಗುರಿಗಳಿವೆ, ಕೊನೆಯ ಗುರಿ ಇನ್ನೂ ದಶಕಗಳ ಆಚೆ. ಹೊಲ ಹಸಿರಾಗಿದೆ, ನೀರು ಸುಧಾರಿಸುತ್ತಿದೆ, ಕುಡಿಯುವವರಿಲ್ಲ. ಇದನ್ನು ಗೆಲುವು ಎಂದು ನಾನು ಕರೆಯಲಾರೆ. ಸೋಲು ಎಂದರೆ ಆ ಹುಲ್ಲಿಗೆ ಅನ್ಯಾಯ.

ಸೊಸೆ ಕಾರಿನಿಂದ ಇಳಿದು ಬಂದು ಬೇಲಿಯ ಹತ್ತಿರ ನಿಂತಿದ್ದಳು. "ಮಾವ, ಪೀಣ್ಯದಲ್ಲೂ ಹೀಗೆ ಹುಲ್ಲು ಬೆಳೆಸಬಹುದಾ?" ಎಂದು ಕೇಳಿದಳು. ಔಟ್‌ಲೆಟ್ಟಿನ ಮಾತು ಅವಳು ಆಮೇಲೆ ಎತ್ತಲಿಲ್ಲ, ಆದರೂ ದಾರಿಯಲ್ಲಿ ನಿಂತೇ ಹೋದೆವು.

ಅವಳ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಹಿಂಕ್ಲಿಯ ಕೆಳಗಿರುವುದು ನದಿ ತಂದು ಹಾಸಿದ ಮರಳು. ಎಥನಾಲ್ ಇಳಿಸಿದರೆ ಅದು ಎತ್ತ ಹೋಗುತ್ತದೆ, ಎಷ್ಟು ದಿನಕ್ಕೆ ಹೋಗುತ್ತದೆ ಎಂದು ಲೆಕ್ಕ ಹಾಕಬಹುದು. ಬೆಂಗಳೂರಿನ ಕೆಳಗೆ ಗಟ್ಟಿ ಬಂಡೆ. ನೀರು ಇರುವುದು ಬಿರುಕುಗಳಲ್ಲಿ. ಯಾವ ಬಿರುಕು ಯಾವ ಬೋರ್‌ವೆಲ್ಲಿಗೆ ಕೂಡುತ್ತದೆ ಎಂದು ಮೇಲಿಂದ ಹೇಳುವುದು ಕಷ್ಟ. ಒಂದು ಬೋರಿನಲ್ಲಿ ಹಳದಿ ನೀರು, ಐವತ್ತು ಅಡಿ ಆಚೆಯ ಬೋರಿನಲ್ಲಿ ಒಳ್ಳೆಯ ನೀರು ಬರಬಹುದು. ಇನ್ನು ಹುಲ್ಲು ಬೆಳೆಯಲು ನೂರಾರು ಎಕರೆ ಬೇಕು, ಪೀಣ್ಯದಲ್ಲಿ ಸೈಕಲ್ ನಿಲ್ಲಿಸಲು ಜಾಗವಿಲ್ಲ. ಅದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಹಿಂಕ್ಲಿಯಲ್ಲಿ ತಪ್ಪು ಮಾಡಿದ್ದು ಒಂದೇ ಕಂಪನಿ. ಹಣವಿದ್ದ ಕಂಪನಿ, ತಪ್ಪಿಸಿಕೊಳ್ಳಲಾಗದಂತೆ ಕಾಗದ ಪತ್ರ ಉಳಿಸಿದ್ದ ಕಂಪನಿ. ಪೀಣ್ಯದಲ್ಲಿ ಬಾಡಿಗೆ ಶೆಡ್ಡುಗಳಲ್ಲಿ ನಡೆಯುವ ಪ್ಲೇಟಿಂಗ್ ಘಟಕಗಳು, ಇಂದು ತೆರೆದು ನಾಳೆ ಮುಚ್ಚುವವು. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ-6 ಇರುವುದು ಕೇಂದ್ರ ಅಂತರ್ಜಲ ಮಂಡಳಿಯ ಅಧ್ಯಯನಗಳಲ್ಲೇ ದಾಖಲಾದ ಸಂಗತಿ. ಅದನ್ನು ಯಾರಿಂದ ತೊಳೆಸುವುದು? ನೆರೆಯ ತಮಿಳುನಾಡಿನ ರಾಣಿಪೇಟೆಯಲ್ಲಿ 1990ರ ದಶಕದಲ್ಲಿ ಮುಚ್ಚಿದ ಕ್ರೋಮೇಟ್ ಕಾರ್ಖಾನೆ ಬಿಟ್ಟುಹೋದ ಲಕ್ಷಾಂತರ ಟನ್ ತ್ಯಾಜ್ಯ ಪಾಲಾರ್ ನದಿಯ ಕಡೆಗೆ ಮಳೆಮಳೆಗೂ ಇಳಿಯುತ್ತಿದ್ದುದನ್ನು ನೋಡಿದರೆ, ಒಬ್ಬನೇ ತಪ್ಪಿತಸ್ಥನಿದ್ದರೂ ಕೆಲಸ ಬೇಗ ಆಗುತ್ತದೆಂಬ ಭರವಸೆಯಿಲ್ಲ.

ಹಾಗೆಂದು ಕೈಚೆಲ್ಲಿ ಕೂರಬೇಕೆಂದಲ್ಲ. ಬಂಡೆಯ ಬಿರುಕಿನಲ್ಲೂ ಬ್ಯಾಕ್ಟೀರಿಯಾಗಳಿವೆ. ಕೆಟ್ಟ ಬೋರಿನ ನೀರನ್ನು ಎತ್ತಿ, ಸಣ್ಣ ತೊಟ್ಟಿಗಳಲ್ಲಿ ಇದೇ ಜೀವಿಗಳ ಮೂಲಕ ಹಾಯಿಸಿ ಸೋಸುವುದು ಪ್ರಯೋಗಶಾಲೆಗಳು ಬಲ್ಲ ಕೆಲಸವೇ. ಆದರೆ ಹಿಂಕ್ಲಿಯಿಂದ ಕಲಿಯಬೇಕಾದದ್ದರಲ್ಲಿ ಹುಲ್ಲು, ಎಥನಾಲ್ ಎರಡನೆಯವು. ಮೊದಲನೆಯದು ಆ ಕಬ್ಬಿಣದ ಮುಚ್ಚಳಗಳು. ನೆಲದಡಿ ಎಲ್ಲಿ ಎಷ್ಟಿದೆ, ಎತ್ತ ಹೊರಟಿದೆ ಎಂದು ನೂರಾರು ಕಡೆ ತೂತು ಕೊರೆದು ನೋಡಿ, ನೋಡಿದ್ದನ್ನು ಊರಿಗೆಲ್ಲ ತಿಳಿಸುವುದು. ನಕ್ಷೆಯಿಲ್ಲದೆ ಎಥನಾಲ್ ಇಳಿಸಿದರೆ ಆರ್ಸೆನಿಕ್ ಎದ್ದದ್ದೂ ತಿಳಿಯುವುದಿಲ್ಲ.

ಕ್ಯಾಲಿಫೋರ್ನಿಯಾ 2014ರಲ್ಲಿ ಕುಡಿಯುವ ನೀರಿನ ಕ್ರೋಮಿಯಂ-6ಕ್ಕೆ ಲೀಟರಿಗೆ 10 ಮೈಕ್ರೋಗ್ರಾಂ ಮಿತಿ ಹಾಕಿತು. ಖರ್ಚಿನ ಲೆಕ್ಕ ಸರಿಯಾಗಿ ನೋಡಿಲ್ಲವೆಂದು ನ್ಯಾಯಾಲಯ 2017ರಲ್ಲಿ ಅದನ್ನು ತಳ್ಳಿಹಾಕಿತು, 2024ರಲ್ಲಿ ಅದೇ ಮಿತಿ ಮತ್ತೆ ಬಂತು. ಭಾರತದ ಕುಡಿಯುವ ನೀರಿನ ಮಾನಕದಲ್ಲಿ ಆರು, ಮೂರು ಎಂಬ ಭೇದವಿಲ್ಲ. ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ, ಅಂದರೆ 50 ಮೈಕ್ರೋಗ್ರಾಂ ಮೀರಬಾರದು. ಪೀಣ್ಯ, ದಾಸರಹಳ್ಳಿ ಅಥವಾ ಪ್ಲೇಟಿಂಗ್, ಚರ್ಮ ಹದಮಾಡುವ ಕೆಲಸ ನಡೆಯುವ ಯಾವುದೇ ಪ್ರದೇಶದ ಹತ್ತಿರ ಮನೆ ಮಾಡಿ ಬೋರ್‌ವೆಲ್ ನೀರು ಬಳಸುತ್ತಿರುವವರಿಗೆ ನನ್ನದೊಂದು ವಿನಂತಿ. ನೀರು ಹಳದಿಯಾಗುವವರೆಗೆ ಕಾಯಬೇಡಿ. ಮಿತಿಯ ಹತ್ತು ಪಟ್ಟು ಇದ್ದರೂ ಕಣ್ಣಿಗೆ ತಿಳಿಯದಿರಬಹುದು. ಕುದಿಸಿದರೆ ಕ್ರೋಮಿಯಂ ಹೋಗುವುದಿಲ್ಲ. ಪ್ರಯೋಗಾಲಯದ ಸಾಮಾನ್ಯ ಪರೀಕ್ಷೆಯ ಪಟ್ಟಿಯಲ್ಲಿ ಅದು ಇರುತ್ತದೆಂದು ನಂಬಿ ಕೂರಬೇಡಿ, ಕ್ರೋಮಿಯಂ ಪರೀಕ್ಷೆ ಮಾಡಿ ಎಂದು ಬಾಯಿಬಿಟ್ಟು ಕೇಳಿ, ವರದಿಯನ್ನು ಪಕ್ಕದ ಮನೆಯವರಿಗೂ ತೋರಿಸಿ.